ಕೊಯ್ದ ಹಸಿರು ಮನೆಯಲ್ಲಿ ಉಳಿಯುವುದು ಹೇಗೆ?

ಶ್ರಾವಣ ಹತ್ತಿರವಾದಂತೆ ದಾವಣಗೆರೆ ಮತ್ತು ಚಿತ್ರದುರ್ಗದ ಮಾರುಕಟ್ಟೆಗಳಲ್ಲಿ ಮಾವಿನ ಸೊಪ್ಪು, ಬಾಳೆಕಂದು, ಹೊಂಬಾಳೆಗಳ ವ್ಯಾಪಾರ ಏರುತ್ತದೆ. ವರಮಹಾಲಕ್ಷ್ಮಿ ವ್ರತದಿಂದ ಹಿಡಿದು ಗೌರಿ-ಗಣೇಶ, ನವರಾತ್ರಿ, ದೀಪಾವಳಿಯವರೆಗೆ ಮನೆಯ ಬಾಗಿಲಿಗೂ ದೇವರ ಮಂಟಪಕ್ಕೂ ಹಸಿರು ಬೇಕೇ ಬೇಕು. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಮೇಲೆ, ಮಂಟಪವನ್ನು ಎಲೆಯಿಂದಲೇ ಕಟ್ಟುವವರ ಸಂಖ್ಯೆ ಮೊದಲಿಗಿಂತ ಹೆಚ್ಚೇ ಆಗಿರಬೇಕು. ಇದರ ಜೊತೆಗೆ ಈಗ ‘ತಿಂಗಳುಗಟ್ಟಲೆ ಬಾಡದ ನಿಜವಾದ ಎಲೆ’ ಎಂಬ ಹೆಸರಿನಲ್ಲಿ ಸಂಸ್ಕರಿಸಿದ ಸೊಪ್ಪಿನ ಗೊಂಚಲುಗಳೂ ಮಾರಾಟಕ್ಕಿವೆ. ಬೆಳಿಗ್ಗೆ ಕಟ್ಟಿದ ತೋರಣ ಸಂಜೆಗೆ ಏಕೆ ಜೋತುಬೀಳುತ್ತದೆ, ಅದನ್ನು ಇನ್ನೆರಡು ದಿನ ಉಳಿಸುವುದು ಹೇಗೆ, ಅಂಗಡಿಯಲ್ಲಿ ಸಿಗುವಂತಹ ಬಾಡದ ಎಲೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಇದೆ: ಎಲೆಯೊಳಗಿನ ನೀರು.

ಕೊಯ್ದ ಎಲೆಯಲ್ಲಿ ನಡೆಯುವುದೇನು

ಹಸಿ ಎಲೆಯ ತೂಕದಲ್ಲಿ ಹೆಚ್ಚಿನ ಪಾಲು ನೀರಿನದು. ಎಲೆಯ ಜೀವಕೋಶಗಳೊಳಗೆ ತುಂಬಿರುವ ಈ ನೀರು ಕೋಶದ ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿದಿರುವುದರಿಂದಲೇ ಎಲೆ ಬಿಗಿಯಾಗಿ, ಹರವಾಗಿ ನಿಂತಿರುತ್ತದೆ. ಒತ್ತಡ ಇಳಿದರೆ ಎಲೆ ಜೋಲುತ್ತದೆ. ನಾವು ಬಾಡುವುದು ಎನ್ನುವುದು ಇದನ್ನೇ.

ಎಲೆಯ ಮೇಲ್ಮೈಯಲ್ಲಿ, ಹೆಚ್ಚಾಗಿ ಅದರ ಕೆಳಮುಖದಲ್ಲಿ, ಬರಿಗಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿರುತ್ತವೆ. ಇವುಗಳನ್ನು ಪತ್ರರಂಧ್ರಗಳೆಂದು ಕರೆಯುತ್ತಾರೆ. ಗಿಡ ಉಸಿರಾಡುವುದಕ್ಕೂ ಆಹಾರ ತಯಾರಿಸುವುದಕ್ಕೂ ಬೇಕಾದ ಗಾಳಿ ಇವುಗಳ ಮೂಲಕವೇ ಒಳಹೊಕ್ಕು ಹೊರಬರುತ್ತದೆ, ಜೊತೆಗೆ ನೀರೂ ಆವಿಯಾಗಿ ಹೊರಹೋಗುತ್ತದೆ. ಈ ಕ್ರಿಯೆಗೆ ಬಾಷ್ಪವಿಸರ್ಜನೆ ಎಂದು ಹೆಸರು. ಗಿಡದ ಮೇಲಿರುವಾಗ ಹೋದಷ್ಟು ನೀರನ್ನು ಬೇರು ಮತ್ತೆ ತುಂಬಿಕೊಡುತ್ತದೆ. ಕೊಯ್ದ ಮೇಲೆ ಖರ್ಚು ಮುಂದುವರಿಯುತ್ತದೆ, ಆದಾಯ ನಿಲ್ಲುತ್ತದೆ. ಎಲೆ ಅಪಾಯವನ್ನು ಅರಿತು ರಂಧ್ರಗಳನ್ನು ಮುಚ್ಚಿಕೊಳ್ಳುತ್ತದಾದರೂ ಚರ್ಮದ ಮೂಲಕ ಸೋರುವ ನೀರನ್ನು ಪೂರ್ತಿಯಾಗಿ ತಡೆಯಲಾರದು.

ರೆಂಬೆಯನ್ನು ನೀರಿನಲ್ಲಿಟ್ಟರೂ ಕೆಲವೊಮ್ಮೆ ಎಲೆ ಬಾಡುವುದೇಕೆ ಎಂಬುದು ಹಲವರ ಅನುಮಾನ. ಕಾಂಡದೊಳಗೆ ಕೂದಲಿಗಿಂತ ತೆಳುವಾದ ಕೊಳವೆಗಳಿವೆ. ಎಲೆಯಿಂದ ನೀರು ಆವಿಯಾದಂತೆ ಮೇಲಿನಿಂದ ಸೆಳೆತ ಉಂಟಾಗಿ, ಕೊಳವೆಯಲ್ಲಿರುವ ನೀರಿನ ಎಳೆ ಮೇಲೇರುತ್ತದೆ. ಕತ್ತರಿಸಿದ ಕ್ಷಣದಲ್ಲಿ ಈ ಎಳೆ ತುಂಡಾಗಿ ಕೊಳವೆಯ ತುದಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಪಂಪ್‌ಸೆಟ್ಟಿನ ಪೈಪಿನಲ್ಲಿ ಗಾಳಿ ಹಿಡಿದರೆ ಮೋಟರು ಎಷ್ಟು ತಿರುಗಿದರೂ ನೀರೇರುವುದಿಲ್ಲವಲ್ಲ, ಕಾಂಡದ ಸ್ಥಿತಿಯೂ ಹಾಗೆಯೇ. ಹೂದಾನಿಯಲ್ಲಿ ನೀರು ತುಂಬಿದ್ದರೂ ಎಲೆಗೆ ಅದು ತಲುಪದು. ಎರಡು ಮೂರು ದಿನ ಕಳೆದ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಲೋಳೆಯಾಗಿ ಕಟ್ಟಿಕೊಂಡು ಅದೇ ಕೊಳವೆಗಳನ್ನು ಮತ್ತೊಮ್ಮೆ ಮುಚ್ಚುತ್ತವೆ.

ನಮ್ಮ ಗಾಳಿ, ನಮ್ಮ ನೀರು

ಎಲೆಯಿಂದ ನೀರು ಎಷ್ಟು ಬೇಗ ಹೊರಹೋಗುತ್ತದೆ ಎಂಬುದನ್ನು ಸುತ್ತಲಿನ ಗಾಳಿ ನಿರ್ಧರಿಸುತ್ತದೆ. ಗಾಳಿ ಒಣಗಿದ್ದಷ್ಟೂ, ಬಿಸಿಯಾಗಿದ್ದಷ್ಟೂ, ವೇಗವಾಗಿ ಬೀಸಿದಷ್ಟೂ ನಷ್ಟ ಹೆಚ್ಚು. ನಿಂತ ಗಾಳಿಯಲ್ಲಿ ಎಲೆಯ ಸುತ್ತ ತೇವದ ತೆಳು ಪದರವೊಂದು ಉಳಿದು ಎಲೆಯನ್ನು ಸ್ವಲ್ಪ ಕಾಪಾಡುತ್ತದೆ. ಬೀಸುಗಾಳಿ ಆ ಪದರವನ್ನು ಕ್ಷಣಕ್ಷಣಕ್ಕೂ ಒರೆಸಿ ಹಾಕುತ್ತದೆ.

ಚಿತ್ರದುರ್ಗ ಜಿಲ್ಲೆಯೂ, ದಾವಣಗೆರೆಯ ಜಗಳೂರು ಭಾಗವೂ ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ಮುಂಗಾರಿನ ಗಾಳಿ ಘಟ್ಟದಲ್ಲಿ ಮಳೆಯನ್ನು ಸುರಿಸಿ, ತನ್ನ ತೇವದ ಬಹುಪಾಲನ್ನು ಕಳೆದುಕೊಂಡು, ವೇಗವನ್ನು ಮಾತ್ರ ಉಳಿಸಿಕೊಂಡು ಇಲ್ಲಿಗೆ ಬರುತ್ತದೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಆಷಾಢ ಶ್ರಾವಣಗಳಲ್ಲಿ ಮೋಡ ಕವಿದಿದ್ದರೂ ಹೊರಬಾಗಿಲ ತೋರಣ ಬೇಗ ಒಣಗುವುದಕ್ಕೆ ಕಾರಣ ಬಿಸಿಲಿಗಿಂತ ಹೆಚ್ಚಾಗಿ ಬೀಸುಗಾಳಿ. ಯುಗಾದಿಯ ಹೊತ್ತಿಗೆ ಬಿಸಿಲೂ ಸೇರಿಕೊಳ್ಳುವುದರಿಂದ ಆಗ ಕಟ್ಟಿದ ಬೇವಿನ ಗೊಂಚಲು ಮಧ್ಯಾಹ್ನ ದಾಟುವುದೇ ಕಷ್ಟ.

ನೀರಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಈ ಭಾಗದ ಕೊಳವೆಬಾವಿಯ ನೀರು ಬಹಳ ಕಡೆ ಗಡಸಾಗಿದೆ, ಕೆಲವು ಕಡೆ ಅದರಲ್ಲಿ ಫ್ಲೋರೈಡ್ ಅಂಶವೂ ಹೆಚ್ಚು. ಕ್ಷಾರಗುಣದ ಗಡಸು ನೀರು ಕೊಯ್ದ ಕಾಂಡದೊಳಗೆ ಸರಾಗವಾಗಿ ಏರುವುದಿಲ್ಲ. ಕುಂಡಗಳಲ್ಲಿ ಬೆಳೆಸುವ ಡ್ರಸೀನದಂತಹ ಉದ್ದೆಲೆಯ ಗಿಡಗಳ ತುದಿಯನ್ನು ಫ್ಲೋರೈಡ್ ಸುಟ್ಟಂತೆ ಕಂದಾಗಿಸುತ್ತದೆ. ಆದ್ದರಿಂದ ಹೂದಾನಿಗೆ ಹಿಡಿದಿಟ್ಟ ಮಳೆನೀರನ್ನಾಗಲಿ ಊರಿನ ಶುದ್ಧ ನೀರಿನ ಘಟಕದ ನೀರನ್ನಾಗಲಿ ಬಳಸುವುದು ಒಳ್ಳೆಯದು. ಬೇರೆ ದಾರಿಯಿಲ್ಲದಿದ್ದರೆ ಕೊಳವೆಬಾವಿಯ ನೀರಿಗೇ ಒಂದಿಷ್ಟು ನಿಂಬೆರಸ ಹಿಂಡಿದರೂ ಅದರ ಕ್ಷಾರಗುಣ ತಗ್ಗುತ್ತದೆ.

ಎಲ್ಲ ಎಲೆಯೂ ಒಂದೇ ಅಲ್ಲ

ಬಾಗಿಲಿಗೆ ಮಾವಿನ ತೋರಣವೇ ಏಕೆ ಎಂಬುದಕ್ಕೆ ಸಂಪ್ರದಾಯ ತನ್ನ ಕಾರಣಗಳನ್ನು ಕೊಡುತ್ತದೆ. ಎಲೆಯ ರಚನೆಯೂ ಒಂದು ಕಾರಣವನ್ನು ಕೊಡುತ್ತದೆ. ಬಲಿತ ಮಾವಿನ ಎಲೆ ತೊಗಲಿನಂತೆ ದಪ್ಪ. ಅದರ ಮೇಲೆ ಮೇಣದ ಪದರವಿದ್ದು ನೀರು ಸೋರುವುದನ್ನು ತಡೆಯುತ್ತದೆ, ಒಳಗಿರುವ ಗಟ್ಟಿ ನಾರು ನೀರು ಕಡಿಮೆಯಾದರೂ ಎಲೆಯ ಆಕಾರವನ್ನು ಹಿಡಿದಿಡುತ್ತದೆ. ಹೀಗಾಗಿ ಅದು ಒಣಗುತ್ತಿದ್ದರೂ ಜೋಲದೆ, ದಾರದಿಂದ ಉದುರದೆ, ಹಲವು ದಿನ ನಿಂತಿರುತ್ತದೆ. ಕಟ್ಟಿದ ತೋರಣ ದಿನವಿಡೀ ಮನೆಗೆ ಆಮ್ಲಜನಕ ಕೊಡುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೊಯ್ದ ಎಲೆ ಬೇಗನೆ ರಂಧ್ರ ಮುಚ್ಚಿಕೊಳ್ಳುವುದರಿಂದ ಅದರಿಂದ ಸಿಗುವ ಆಮ್ಲಜನಕ ಲೆಕ್ಕಕ್ಕೆ ಬರುವಷ್ಟಿಲ್ಲ.

ಬೇವು ಮತ್ತು ಬನ್ನಿ ಇದಕ್ಕೆ ವಿರುದ್ಧ. ಇವುಗಳದು ಒಂದೇ ದೇಟಿನ ಮೇಲೆ ಹಲವು ಕಿರುಎಲೆಗಳು ಜೋಡಿಸಿದಂತಿರುವ ಸಂಯುಕ್ತ ಎಲೆ. ಪ್ರತಿ ಕಿರುಎಲೆಯ ಬುಡದಲ್ಲಿ ಕಳಚಿಕೊಳ್ಳುವುದಕ್ಕೆಂದೇ ಒಂದು ಪದರವಿರುತ್ತದೆ. ನೀರು ಕಡಿಮೆಯಾದೊಡನೆ ಆ ಪದರ ಸಡಿಲಗೊಂಡು ಎಲೆಗಳು ಉದುರುತ್ತವೆ. ಬೇವನ್ನು ಒಂದು ದಿನಕ್ಕಿಂತ ಹೆಚ್ಚು ಉಳಿಸಲು ಹೆಣಗುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ತಂದು ಬೆಳಿಗ್ಗೆಯೇ ಕಟ್ಟುವುದು ಲೇಸು.

ಬಾಳೆಯದು ಮತ್ತೊಂದು ಬಗೆ. ಅಷ್ಟಗಲದ ತೆಳು ಎಲೆಗೆ ನೀರಿನ ಖರ್ಚು ಬಹಳ, ಬಾಯಾರಿದಾಗ ಅದು ನಡುದಿಂಡಿನ ಎರಡೂ ಬದಿಗೆ ಮಡಚಿಕೊಳ್ಳುತ್ತದೆ. ಬಾಳೆಕಂದನ್ನು ಬುಡದ ಗೆಡ್ಡೆಯ ಸಮೇತ ಅಗೆದು ತಂದರೆ, ದಿಂಡಿನಲ್ಲಿಯೂ ಗೆಡ್ಡೆಯಲ್ಲಿಯೂ ಇರುವ ನೀರು ಎಲೆಯನ್ನು ಒಂದೆರಡು ದಿನ ಸಲಹುತ್ತದೆ. ಬುಡವನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿದರೆ ಇನ್ನೂ ಅನುಕೂಲ. ಚನ್ನಗಿರಿ ಕಡೆಯ ತೋಟಗಳಿಂದ ಬರುವ ಅಡಿಕೆ ಹೊಂಬಾಳೆಗೆ ಪ್ರಕೃತಿಯೇ ಹೊದಿಕೆ ಕೊಟ್ಟಿದೆ. ಬಳಸುವ ಗಳಿಗೆಯವರೆಗೂ ಆ ಹೊದಿಕೆಯನ್ನು ಸೀಳದೆ ಇಡಬೇಕು, ಅಷ್ಟೆ.

ಎಕ್ಕ, ಅರಳಿ, ಆಲ, ಹಲಸು ಇವೆಲ್ಲ ಹಾಲು ಸುರಿಸುವ ಗಿಡಮರಗಳು. ಕತ್ತರಿಸಿದ ಬಾಯಿಯಲ್ಲಿ ಹಾಲು ಹೆಪ್ಪುಗಟ್ಟಿ ಕೊಳವೆಗಳನ್ನು ಮುಚ್ಚುತ್ತದೆ. ಕತ್ತರಿಸಿದ ತುದಿಯನ್ನು ಅರ್ಧ ನಿಮಿಷ ಕುದಿಯುವ ನೀರಿನಲ್ಲಿ ಅದ್ದಿದರೆ ಹಾಲು ಸುರಿಯುವುದು ನಿಲ್ಲುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯವಾದ್ದರಿಂದ ಗಣೇಶನಿಗೆ ಎಕ್ಕದ ಎಲೆ ಕೀಳುವ ಮಕ್ಕಳಿಗೆ ಕೈ ತೊಳೆಯಲು ಹೇಳಬೇಕು.

ಹಸಿಯಾಗಿಯೇ ಕೆಲವು ದಿನ ಉಳಿಸುವುದು

ಕೊಯ್ಯಲು ಸರಿಯಾದ ಹೊತ್ತು ಬೆಳಗಿನ ಜಾವ. ರಾತ್ರಿಯಿಡೀ ಬೇರು ಎಳೆದ ನೀರು ಆಗ ಎಲೆಯಲ್ಲಿ ತುಂಬಿರುತ್ತದೆ. ಆರಿಸಬೇಕಾದುದು ಬಲಿತ, ಆದರೆ ಮುಪ್ಪಾಗದ ಎಲೆ. ಮಾವಿನ ಕೆಂಪು ಚಿಗುರು ನೋಡಲು ಎಷ್ಟೇ ಚೆಂದವಿದ್ದರೂ ಅದರ ಮೇಣದ ಪದರ ಇನ್ನೂ ಬಲಿತಿರುವುದಿಲ್ಲವಾಗಿ ಒಂದೆರಡು ಗಂಟೆಯಲ್ಲಿ ಸೊರಗುತ್ತದೆ. ತಂದ ಸೊಪ್ಪನ್ನು ಧೂಳು ಹೋಗುವಂತೆ ತೊಳೆದು, ಗಂಟೆ ಎರಡು ಗಂಟೆ ಪೂರ್ತಿಯಾಗಿ ತಣ್ಣೀರಿನಲ್ಲಿ ಮುಳುಗಿಸಿ, ಆಮೇಲೆ ತೋರಣ ಕಟ್ಟಿದರೆ ಮೊದಲ ದಿನದ ಬಾಡುವಿಕೆ ಬಹಳಷ್ಟು ತಪ್ಪುತ್ತದೆ. ಹಿಂದಿನ ಸಂಜೆಯೇ ಕಟ್ಟಿಡಬೇಕಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ವೀಳ್ಯದೆಲೆ ಮಾರುವವರು ದಿನವಿಡೀ ಮಾಡುವುದು ಇದನ್ನೇ.

ಹೂದಾನಿಯಲ್ಲಿ ಇಡುವ ರೆಂಬೆಯ ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಓರೆಯಾಗಿ ಮತ್ತೊಮ್ಮೆ ಕತ್ತರಿಸಬೇಕು. ಗಾಳಿ ಸೇರಿದ ತುಂಡು ಇದರಿಂದ ಹೋಗಿ, ಹೊಸ ಬಾಯಿಗೆ ನೇರವಾಗಿ ನೀರು ಸಿಗುತ್ತದೆ. ನೀರಿನ ಮಟ್ಟದ ಕೆಳಗೆ ಬರುವ ಎಲೆಗಳನ್ನೆಲ್ಲ ಕಿತ್ತುಹಾಕಬೇಕು. ಅವು ಕೊಳೆತರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಒಂದು ಲೀಟರ್ ನೀರಿಗೆ ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣದ ಕೆಲವೇ ಹನಿ ಸಾಕು. ಬ್ಲೀಚ್ ಹಾಕಿದ ನೀರಿಗೆ ಮಾತ್ರ ನಿಂಬೆರಸ ಬೆರೆಸಬಾರದು, ಆಮ್ಲ ಸೇರಿದರೆ ಅದರಿಂದ ಕ್ಲೋರಿನ್ ಅನಿಲ ಹೊರಬರುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸಕ್ಕರೆ ಹಾಕುವ ಅಭ್ಯಾಸ ಮೊಗ್ಗು ಅರಳಿಸುವುದಕ್ಕೆ ಉಪಯುಕ್ತವೇ ಹೊರತು ಬರಿಯ ಸೊಪ್ಪಿಗೆ ಬೇಕಿಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು ಈ ಎಲ್ಲ ಉಪಾಯಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾಗಿದ ಬಾಳೆಹಣ್ಣು, ಮಾವಿನಹಣ್ಣುಗಳಿಂದ ಎಥಿಲೀನ್ ಎಂಬ ಅನಿಲ ಹೊರಬರುತ್ತದೆ. ಹಣ್ಣನ್ನು ಮಾಗಿಸುವ ಈ ಅನಿಲ ಎಲೆಯನ್ನು ಹಳದಿಯಾಗಿಸಿ ಉದುರಿಸುವುದರಲ್ಲಿಯೂ ಪಾತ್ರ ವಹಿಸುತ್ತದೆ. ಸೊಪ್ಪನ್ನು ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಇಡಬಾರದು ಎನ್ನುವುದು ಈ ಕಾರಣಕ್ಕೆ. ಫ್ರಿಜ್‌ನಲ್ಲಿ ಇಡುವವರಿಗೆ ಇನ್ನೊಂದು ಎಚ್ಚರಿಕೆ: ಮಾವಿನ ಸೊಪ್ಪು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಕೆಳಗಿನ ತರಕಾರಿ ಡಬ್ಬದಲ್ಲಿಟ್ಟರೆ ಕೆಲವು ದಿನ ಚೆನ್ನಾಗಿರುತ್ತದೆ, ಆದರೆ ಬಾಳೆ ಮತ್ತು ವೀಳ್ಯದೆಲೆಗಳು ಅತಿಯಾದ ತಂಪನ್ನು ತಡೆಯದೆ ಕಪ್ಪಾಗುತ್ತವೆ.

ಗ್ಲಿಸರಿನ್: ನೀರಿನ ಜಾಗಕ್ಕೆ ಮತ್ತೊಂದು ದ್ರವ

ತಿಂಗಳುಗಟ್ಟಲೆ ಉಳಿಯುವ ಎಲೆಯ ಗುಟ್ಟು ಗ್ಲಿಸರಿನ್. ಔಷಧಿ ಅಂಗಡಿಯಲ್ಲಿ ಸಿಗುವ, ಚಳಿಗಾಲದಲ್ಲಿ ತುಟಿಗೆ ಹಚ್ಚಿಕೊಳ್ಳುವ ಮಂದವಾದ ದ್ರವವೇ ಇದು. ಇದರ ಎರಡು ಗುಣಗಳು ಇಲ್ಲಿ ಮುಖ್ಯ. ನೀರು 100 ಡಿಗ್ರಿಗೆ ಕುದಿದರೆ ಗ್ಲಿಸರಿನ್ ಕುದಿಯುವುದು ಸುಮಾರು 290 ಡಿಗ್ರಿ ಸೆಲ್ಸಿಯಸ್‌ಗೆ. ಅಂದರೆ ಮನೆಯ ಉಷ್ಣತೆಯಲ್ಲಿ ಅದು ಆವಿಯಾಗಿ ಹೋಗುವುದೇ ಇಲ್ಲ ಎನ್ನಬಹುದು. ಜೊತೆಗೆ ಅದು ಗಾಳಿಯಲ್ಲಿರುವ ತೇವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಲೆಯೊಳಗಿನ ನೀರು ಹೋಗಿ ಅದರ ಜಾಗದಲ್ಲಿ ಗ್ಲಿಸರಿನ್ ನಿಂತರೆ, ಎಲೆ ಸತ್ತ ಮೇಲೂ ಮೆತ್ತಗೆ, ಮುರಿಯದೆ, ಬಾಗುವಂತೆ ಉಳಿಯುತ್ತದೆ.

ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಸೇರಿಸಿ ಚೆನ್ನಾಗಿ ಕಲಕಬೇಕು. ತಣ್ಣೀರಿನಲ್ಲಿ ಅದು ತಳದಲ್ಲಿಯೇ ಕೂರುತ್ತದೆ. ಬಲಿತ ರೆಂಬೆಯ ಬುಡವನ್ನು ನಾಲ್ಕೈದು ಸೆಂಟಿಮೀಟರ್‌ನಷ್ಟು ಸೀಳಿ ಅಥವಾ ಜಜ್ಜಿ, ಸುಮಾರು ಎಂಟು ಹತ್ತು ಸೆಂಟಿಮೀಟರ್ ಆಳದ ದ್ರಾವಣದಲ್ಲಿ ನಿಲ್ಲಿಸಿ, ನೇರ ಬಿಸಿಲು ಬೀಳದ, ಗಾಳಿಯಾಡುವ ಕೋಣೆಯಲ್ಲಿ ಇಡಬೇಕು. ಎಲೆಯಿಂದ ನೀರು ಆವಿಯಾದಂತೆ ದ್ರಾವಣ ಮೇಲೇರುತ್ತದೆ, ಅದರ ನೀರೂ ಆವಿಯಾಗುತ್ತದೆ, ಗ್ಲಿಸರಿನ್ ಮಾತ್ರ ಎಲೆಯಲ್ಲಿ ಉಳಿಯುತ್ತದೆ. ದ್ರಾವಣ ಇಳಿದಂತೆ ಮತ್ತೆ ತುಂಬುತ್ತಿರಬೇಕು. ಸಾಮಾನ್ಯವಾಗಿ ಎರಡರಿಂದ ಮೂರು ವಾರ ಬೇಕಾಗುತ್ತದೆ. ನರಗಳಿಂದ ಆರಂಭವಾದ ಬಣ್ಣದ ಬದಲಾವಣೆ ಎಲೆಯ ಅಂಚಿನವರೆಗೂ ತಲುಪಿ, ಎಲೆ ಮುಟ್ಟಿದಾಗ ಮೃದುವಾಗಿ ಜಿಡ್ಡೆನಿಸಿದರೆ ಕೆಲಸ ಮುಗಿದಿದೆ. ಹೆಚ್ಚು ದಿನ ಬಿಟ್ಟರೆ ಎಲೆಯ ಮೇಲೆ ಗ್ಲಿಸರಿನ್ ಬೆವರಿನಂತೆ ಹನಿಗಟ್ಟುತ್ತದೆ, ಅದನ್ನು ಒರೆಸಿ, ರೆಂಬೆಯನ್ನು ಒಂದೆರಡು ದಿನ ತಲೆಕೆಳಗಾಗಿ ತೂಗುಹಾಕಿದರೆ ತುದಿಯ ಎಲೆಗಳಿಗೂ ಅದು ಇಳಿಯುತ್ತದೆ.

ಈ ವಿಧಾನ ನಡೆಯುವುದು ಎಲೆ ಇನ್ನೂ ನೀರೆಳೆಯುತ್ತಿರುವಾಗ ಮಾತ್ರ. ಆಗಲೇ ಹಳದಿಯಾದ ಎಲೆ ಎಳೆಯುವುದಿಲ್ಲ, ಎಳೆಯ ಚಿಗುರು ಎಳೆಯುವ ಮೊದಲೇ ಬಾಡುತ್ತದೆ. ಬೇಸಿಗೆಯಲ್ಲಿಯೂ ಇದನ್ನು ಮಾಡದಿರುವುದೇ ಒಳ್ಳೆಯದು: ಮಂದವಾದ ದ್ರಾವಣ ನಿಧಾನವಾಗಿ ಏರುತ್ತದೆ, ನಮ್ಮ ಏಪ್ರಿಲ್ ತಿಂಗಳ ಒಣ ಬಿಸಿಗಾಳಿ ಅದಕ್ಕೆ ಮೊದಲೇ ಎಲೆಯನ್ನು ಗರಿಗರಿಯಾಗಿಸಿಬಿಡುತ್ತದೆ. ಹಿತವಾದ ಗಾಳಿಯಿರುವ ನವೆಂಬರ್‌ನಿಂದ ಜನವರಿಯವರೆಗಿನ ಕಾಲ ಹೆಚ್ಚು ಹೊಂದುತ್ತದೆ.

ನೀಲಗಿರಿ ಮತ್ತು ಸಿಲ್ವರ್ ಓಕ್ ಎಲೆಗಳು ಗ್ಲಿಸರಿನ್‌ಗೆ ಚೆನ್ನಾಗಿ ಒಗ್ಗುತ್ತವೆ, ಹೂಗುಚ್ಛ ಕಟ್ಟುವವರು ಕೊಳ್ಳುವ ಸಂಸ್ಕರಿಸಿದ ಸೊಪ್ಪಿನಲ್ಲಿ ಇವು ಸಾಮಾನ್ಯ. ಹಾಲು ಸುರಿಸುವ ಅರಳಿ, ಆಲಗಳಲ್ಲಿ ಕಾಂಡದ ಮೂಲಕ ದ್ರಾವಣ ಏರುವುದು ಕಷ್ಟವಾದ್ದರಿಂದ ಬಿಡಿ ಎಲೆಗಳನ್ನೇ ಸಮಪಾಲು ನೀರು ಮತ್ತು ಗ್ಲಿಸರಿನ್ ಇರುವ ಅಗಲವಾದ ತಟ್ಟೆಯಲ್ಲಿ, ತೇಲದಂತೆ ಮೇಲೊಂದು ಭಾರವಿಟ್ಟು, ಕೆಲವು ದಿನ ಮುಳುಗಿಸಿಡಬೇಕು. ಜರಿಗಿಡಗಳಿಗೂ ಇದೇ ದಾರಿ. ಉಳಿದ ದ್ರಾವಣವನ್ನು ಚೆಲ್ಲಬೇಕಾಗಿಲ್ಲ. ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಬಾಟಲಿಯಲ್ಲಿಟ್ಟು, ಮತ್ತೆ ಬಿಸಿಮಾಡಿ ಬಳಸಬಹುದು.

ಹಸಿರು ಬಣ್ಣ ಏಕೆ ನಿಲ್ಲುವುದಿಲ್ಲ

ಮೊದಲ ಬಾರಿ ಗ್ಲಿಸರಿನ್ ಬಳಸಿದವರಿಗೆ ಎಲೆ ಉಳಿದರೂ ಬಣ್ಣ ಹೋಯಿತೆಂಬ ನಿರಾಸೆ ಆಗುವುದುಂಟು. ಎಲೆಗೆ ಹಸಿರು ಕೊಡುವುದು ಪತ್ರಹರಿತ್ತು ಎಂಬ ವಸ್ತು. ಅದರ ಅಣುವಿನ ನಡುವೆ ಮೆಗ್ನೀಷಿಯಂನ ಒಂದು ಪರಮಾಣು ಕುಳಿತಿರುತ್ತದೆ. ಜೀವಕೋಶ ಸತ್ತಾಗ ಅದರೊಳಗಿನ ಆಮ್ಲ ಹೊರಬಂದು ಆ ಮೆಗ್ನೀಷಿಯಂ ಅನ್ನು ಕಿತ್ತುಹಾಕುತ್ತದೆ. ಉಳಿಯುವ ಅಣುವಿನ ಬಣ್ಣ ಕಂದು ಮಿಶ್ರಿತ ಹಸಿರು. ಬೆಳಕು ಬಿದ್ದಂತೆ ಅದೂ ಮಾಸುತ್ತದೆ. ಆದ್ದರಿಂದ ಗ್ಲಿಸರಿನ್ ಹಾಕಿದ ಎಲೆ ಸಹಜವಾಗಿ ಕಂಚಿನ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯಲ್ಲಿ ಸಿಗುವ ಕಡುಹಸಿರು ಗೊಂಚಲಿನ ಬಣ್ಣ ದ್ರಾವಣದಲ್ಲಿ ಬೆರೆಸಿದ ಬಣ್ಣದ್ದು. ಮನೆಯಲ್ಲಿಯೂ ನೀರಿನಲ್ಲಿ ಕರಗುವ ಹಸಿರು ಬಣ್ಣವನ್ನು ಸೇರಿಸಬಹುದು, ಆದರೆ ಸಮನಾಗಿ ಏರಿಸುವುದು ಸುಲಭವಲ್ಲ. ಕಂಚಿನ ಬಣ್ಣದ ನೀಲಗಿರಿ ಎಲೆಯನ್ನೇ ಒಪ್ಪಿಕೊಂಡರೆ ಅದಕ್ಕೆ ಅದರದೇ ಚೆಲುವಿದೆ.

ಮೆಗ್ನೀಷಿಯಂ ಹೋದ ಜಾಗದಲ್ಲಿ ತಾಮ್ರವನ್ನು ಕೂರಿಸಿದರೆ ಹಸಿರು ಗಟ್ಟಿಯಾಗಿ ನಿಲ್ಲುತ್ತದೆ. ಸಸ್ಯಶಾಸ್ತ್ರದ ಸಂಗ್ರಹಾಲಯಗಳಲ್ಲಿ ಗಾಜಿನ ಜಾಡಿಯ ಮಾದರಿಗಳ ಹಸಿರನ್ನು ಉಳಿಸಲು ತಾಮ್ರದ ಸಲ್ಫೇಟ್ ಬಳಸುವುದು ಈ ತತ್ತ್ವದ ಮೇಲೆಯೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಬೆಳೆಗಾರರ ಮನೆಗಳಲ್ಲಿ ಅದು ಮೈಲುತುತ್ತ ಎಂಬ ಹೆಸರಿನಲ್ಲಿ ಇದ್ದೇ ಇರುತ್ತದೆ. ಕೈಗೆ ಸಿಗುತ್ತದೆಂದು ಅದನ್ನು ಮನೆಯ ಅಲಂಕಾರಕ್ಕೆ ಬಳಸುವುದು ಸರಿಯಲ್ಲ. ಅದು ವಿಷ, ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಅಲ್ಯೂಮಿನಿಯಂ ಪಾತ್ರೆಯನ್ನು ತಿಂದುಹಾಕುತ್ತದೆ, ಚೆಲ್ಲಿದ ನೀರು ಮೀನು ಮತ್ತು ಜಲಜೀವಿಗಳಿಗೆ ಹಾನಿಕರ. ಮಕ್ಕಳು, ದನಕರುಗಳು ಓಡಾಡುವ ಮನೆಗೆ ಈ ದಾರಿ ಬೇಡ.

ಒಣಗಿಸುವುದು: ಬಯಲುಸೀಮೆಗೆ ಒಲಿದ ವಿಧಾನ

ಹಸಿ ಸೊಪ್ಪಿಗೆ ಶತ್ರುವಾದ ಒಣಗಾಳಿ ಇಲ್ಲಿ ನೆರವಿಗೆ ಬರುತ್ತದೆ. ಕರಾವಳಿಯ ಮನೆಯಲ್ಲಿ ತೂಗುಹಾಕಿದ ಸೊಪ್ಪು ಒಣಗುವ ಮೊದಲೇ ಬೂಷ್ಟು ಹಿಡಿಯಬಹುದು; ಚಳ್ಳಕೆರೆಯಲ್ಲಿಯೋ ಹಿರಿಯೂರಿನಲ್ಲಿಯೋ ವರ್ಷದ ಬಹುಪಾಲು ದಿನಗಳಲ್ಲಿ ಆ ಭಯ ಕಡಿಮೆ. ಸಣ್ಣ ಕಟ್ಟುಗಳಾಗಿ ಬಿಗಿದು, ತಲೆಕೆಳಗಾಗಿ, ಕತ್ತಲಿರುವ ಆದರೆ ಗಾಳಿಯಾಡುವ ಕೋಣೆಯಲ್ಲಿ ಎರಡು ಮೂರು ವಾರ ತೂಗುಹಾಕಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣವೂ ಅಷ್ಟೇ ಬೇಗ ಹಾರಿಹೋಗುತ್ತದೆ. ತಲೆಕೆಳಗು ಮಾಡುವುದು ಕಾಂಡ ಬಾಗದೆ ನೇರವಾಗಿ ಒಣಗಲಿ ಎಂಬ ಕಾರಣಕ್ಕೆ.

ಹೀಗೆ ಒಣಗಿಸಲು ಅತ್ಯಂತ ಯೋಗ್ಯವಾದವು ಅಗಲ ಎಲೆಗಳಲ್ಲ, ತೆನೆಗಳು. ಭದ್ರಾ ನಾಲೆಯ ಬಯಲಿನ ಭತ್ತದ ತೆನೆ, ಒಣಭೂಮಿಯ ನವಣೆ, ರಾಗಿ, ಜೋಳದ ತೆನೆಗಳನ್ನು ಪೂರ್ತಿ ಮಾಗುವ ಮುನ್ನ, ಇನ್ನೂ ಹಸಿರು ಛಾಯೆ ಇರುವಾಗಲೇ ಕೊಯ್ದರೆ ಕಾಳು ಉದುರುವುದಿಲ್ಲ. ಕಾಳಿಗೆ ಹುಳು ಬೀಳುವುದನ್ನು ತಡೆಯಲು, ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿ ಇಟ್ಟು ತೆಗೆಯುವುದು ಒಂದು ಉಪಾಯ. ಹೊರಬಾಗಿಲಿಗೆ ಕಟ್ಟಿದರೆ ಗುಬ್ಬಚ್ಚಿಗಳ ಪಾಲಾಗುತ್ತದೆ, ಅದಕ್ಕೆ ಸಿದ್ಧರಿದ್ದರೆ ಕಟ್ಟಬಹುದು. ದವನದ್ದು ವಿಶೇಷ: ಬೂದುಹಸಿರಿನ ಅದರ ಎಲೆ ಒಣಗಿ ಪುಡಿಪುಡಿಯಾದರೂ ಪರಿಮಳ ಬಹುಕಾಲ ಉಳಿಯುತ್ತದೆ.

ಚಪ್ಪಟೆ ಎಲೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಇಟ್ಟು ಭಾರ ಹೇರಿ, ಮೊದಲ ಒಂದು ವಾರ ಕಾಗದವನ್ನು ಆಗಾಗ ಬದಲಿಸುತ್ತಿದ್ದರೆ ಆಕಾರ ಕೆಡದೆ ಒಣಗುತ್ತವೆ. ಕಾಗದ ಬದಲಿಸದಿದ್ದರೆ ಅದರಲ್ಲಿಯೇ ಸಿಕ್ಕಿಕೊಂಡ ತೇವದಿಂದ ಎಲೆ ಕಪ್ಪಾಗುತ್ತದೆ. ಆಕಾರವೂ ಬಣ್ಣವೂ ಬೇಕೆಂದರೆ ಸಿಲಿಕಾ ಜೆಲ್ ಉಪಯುಕ್ತ. ಹೊಸ ಚೀಲ, ಬೂಟುಗಳ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣದೊಳಗಿನ ಹರಳು ಅದು. ಡಬ್ಬದಲ್ಲಿ ಎಲೆಯನ್ನು ಅದರಲ್ಲಿ ಹೂತಿಟ್ಟರೆ ಸುಮಾರು ಒಂದು ವಾರದೊಳಗೆ ನೀರನ್ನೆಲ್ಲ ಹೀರುತ್ತದೆ. ವೇಗವಾಗಿ ಒಣಗುವುದರಿಂದ ಬಣ್ಣ ಕೆಡುವುದಕ್ಕೆ ಕಾಲಾವಕಾಶ ಸಿಗುವುದಿಲ್ಲ. ತೊಳೆದು ಕಾಯಿಸಿದ ಸಣ್ಣ ಮರಳೂ ನಿಧಾನವಾಗಿ ಇದೇ ಕೆಲಸ ಮಾಡುತ್ತದೆ.

ಅರಳಿ ಎಲೆಯ ಬಲೆಯನ್ನು ಶಾಲೆಯ ಪುಸ್ತಕದಲ್ಲಿ ಇಟ್ಟುಕೊಳ್ಳದವರು ವಿರಳ. ಎಲೆಯನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಸಿಟ್ಟರೆ ಮೆದುಭಾಗ ಕೊಳೆತು, ಗಟ್ಟಿ ನರಗಳ ಜಾಲ ಮಾತ್ರ ಉಳಿಯುತ್ತದೆ. ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೊಳೆದು, ಕಾಗದದ ನಡುವೆ ಒಣಗಿಸಬೇಕು. ವಾಸನೆಯನ್ನು ಸಹಿಸಲಾಗದವರು ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಎಲೆಯನ್ನು ಕುದಿಸಿ ಕೆಲಸವನ್ನು ಒಂದೇ ದಿನಕ್ಕೆ ಇಳಿಸಬಹುದು, ಕೈಗವಸು ಬೇಕು.

ತರುವಾಗ, ಇಡುವಾಗ, ಎಸೆಯುವಾಗ

ಚಿತ್ರದುರ್ಗದ ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗ ಇವು ವನ್ಯಜೀವಿಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಅಲ್ಲಿಂದ ಸೊಪ್ಪು ಕೊಯ್ದು ತರುವಂತಿಲ್ಲ. ರಸ್ತೆಬದಿಯಲ್ಲಿ ಸುಲಭವಾಗಿ ಸಿಗುವ ಕಣಗಿಲೆ ಎಷ್ಟೇ ಹಸಿರಾಗಿದ್ದರೂ ಮನೆಯೊಳಗಿನ ಹೂದಾನಿಗೆ ಬೇಡ. ಅದರ ಎಲೆ, ಕಾಂಡ ಎರಡೂ ವಿಷ, ಒಣಗಿದ ಮೇಲೂ ವಿಷ ಹೋಗುವುದಿಲ್ಲ.

ಒಣಗಿದ ಸೊಪ್ಪು ಬೇಗ ಹೊತ್ತಿಕೊಳ್ಳುತ್ತದೆ, ಗ್ಲಿಸರಿನ್ ತುಂಬಿದ್ದೂ ಉರಿಯುತ್ತದೆ. ಕಾರ್ತಿಕದ ದೀಪಗಳ ಸಾಲಿನ ಮೇಲ್ಭಾಗದಲ್ಲಿ, ಊದುಬತ್ತಿಯ ಪಕ್ಕದಲ್ಲಿ ಇವುಗಳನ್ನು ಕಟ್ಟಬಾರದು. ಆ ಸ್ಥಳಕ್ಕೆ ನೆನೆಸಿದ ಹಸಿ ಮಾವಿನ ಎಲೆಯೇ ತಕ್ಕದ್ದು, ಅದನ್ನೂ ಒಣಗಿದೊಡನೆ ಬದಲಿಸಬೇಕು. ಮಳೆ ಹಿಡಿದ ವಾರಗಳಲ್ಲಿ ಗ್ಲಿಸರಿನ್ ಎಲೆ ತೇವ ಎಳೆದು ತೊಟ್ಟಿಕ್ಕುವುದರಿಂದ ಗೋಡೆಗೂ ಬಟ್ಟೆಗೂ ತಾಗದಂತೆ ಇಡಬೇಕು. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಒಣಗಿಸಿದ ತೆನೆಗಳಿಗೆ ಮಾತ್ರ ನೀರು ಸೋಕಿಸದೆ ಮೆತ್ತನೆಯ ಬ್ರಷ್ ಬಳಸಬೇಕು. ಬಣ್ಣ ಹಾಕದ ಎಲ್ಲ ಸೊಪ್ಪನ್ನೂ ದಾರ ತಂತಿಗಳನ್ನು ಬಿಡಿಸಿ ತಿಪ್ಪೆಗೋ ಗೊಬ್ಬರದ ಗುಂಡಿಗೋ ಹಾಕಬಹುದು, ಗ್ಲಿಸರಿನ್ ತುಂಬಿದ ಎಲೆಯೂ ಅಲ್ಲಿ ಕೊಳೆಯುತ್ತದೆ.